ಮೀನುಗಳ ಸಾಮೂಹಿಕ ಸಾವು: ಕಡಲಿಂದ ಕೆರೆಯವರೆಗೆ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಕಡಲ ತೀರದಲ್ಲಿ ಮೀನುಗಳು ರಾಶಿರಾಶಿಯಾಗಿ ಸಾಯುವುದು ಏಕೆ ಎಂಬುದರ ಬಗ್ಗೆ ಮಾತಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಕಡಲು ಇಲ್ಲಿಂದ ಮುನ್ನೂರೈವತ್ತು ಕಿಲೋಮೀಟರ್ ಆಚೆ ಇದೆ. ಹಾಗಿದ್ದೂ ಉತ್ತರ ಬೆಂಗಳೂರಿನಲ್ಲಿ ನಿಂತು ಈ ಮಾತಾಡುವುದಕ್ಕೆ ನನಗೆ ಸಂಕೋಚವಿಲ್ಲ. ಹೆಬ್ಬಾಳ ಕಣಿವೆಯ ಕೆರೆಗಳ ಕೋಡಿ ನೀರು ಇಳಿಯುತ್ತ ಇಳಿಯುತ್ತ ಎಲೆಮಲ್ಲಪ್ಪಶೆಟ್ಟಿ ಕೆರೆ ದಾಟಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಹೊಸೂರಿನ ಬಳಿ ಕೆಲವರಪಳ್ಳಿ ಅಣೆಕಟ್ಟನ್ನು ಹಾದು, ತಮಿಳುನಾಡಿನ ಉದ್ದಕ್ಕೂ ಹರಿದು, ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಬೀಳುತ್ತದೆ. ನಮ್ಮ ಬಚ್ಚಲಿನ ನೀರು ಒಂದಲ್ಲ ಒಂದು ದಿನ ಯಾವುದೋ ಅಳಿವೆಯನ್ನು ಮುಟ್ಟುತ್ತದೆ. ಜೊತೆಗೆ, ಕಡಲಲ್ಲಿ ಮೀನು ಸಾಯುವ ಕಾರಣ ಯಾವುದೋ, ಕೆರೆಯಲ್ಲಿ ಸಾಯುವ ಕಾರಣವೂ ಬಹುಮಟ್ಟಿಗೆ ಅದೇ. ಹಾಗಾಗಿ ಎರಡನ್ನೂ ಸೇರಿಸಿಯೇ ಮಾತಾಡುತ್ತೇನೆ.

ಸತ್ತ ಮೀನು ತೇಲಿದ ಬೆಳಿಗ್ಗೆ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಒಂದೇ: ಯಾರು ವಿಷ ಹಾಕಿದರು? ಕೆಲವು ಸಲ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ; ಯಾರೋ ನಿಜವಾಗಿಯೂ ಹಾಕಿರುತ್ತಾರೆ. ಹೆಚ್ಚಿನ ಸಲ ಮಾತ್ರ ಆ ಸಾವಿನ ಕಾರಣ ಹಿಂದಿನ ರಾತ್ರಿಯದಾಗಿರುವುದಿಲ್ಲ, ವಾರಗಳಿಂದ, ತಿಂಗಳುಗಳಿಂದ ನೀರಿನೊಳಗೆ ಕೂಡುತ್ತ ಬಂದಿರುತ್ತದೆ. ಅದು ಗೊತ್ತಾಗಬೇಕಾದರೆ ಮೀನು ಬದುಕಿರುವಾಗಲೇ ನೀರನ್ನು ಅಳೆಯುತ್ತಿರಬೇಕು. ಈ ಒಂದು ಮಾತನ್ನು ನಿಮ್ಮ ಮನಸ್ಸಿಗೆ ಮುಟ್ಟಿಸುವುದಕ್ಕಾಗಿಯೇ ನಾನು ಇವತ್ತು ಬಂದಿರುವುದು.

ಮೊದಲು ಮೀನಿನ ಉಸಿರಾಟದ ಲೆಕ್ಕ ನೋಡೋಣ. ನಾವು ಸೇದುವ ಒಂದು ಲೀಟರ್ ಗಾಳಿಯಲ್ಲಿ ಹೆಚ್ಚುಕಡಿಮೆ 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ಸಿಹಿನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿಟ್ಟುಕೊಳ್ಳುವುದು 9 ಮಿಲಿಗ್ರಾಂ ಮಾತ್ರ. ನೀರು 30 ಡಿಗ್ರಿಗೆ ಕಾದರೆ ಅದು ಏಳೂವರೆಗೆ ಇಳಿಯುತ್ತದೆ. ಉಪ್ಪುನೀರಿನಲ್ಲಿ ಇನ್ನೂ ಕಡಿಮೆ, ಆರರ ಆಸುಪಾಸು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಕೆರೆಗಳಿಗೆ ಗಾಳಿಯ ಒತ್ತಡವೂ ಕಡಿಮೆ. ಆ ಏಳೂವರೆಯಲ್ಲೂ ನೂರಕ್ಕೆ ಹತ್ತು ಪಾಲು ಕಳೆಯಬೇಕು. ಮೀನು ಹುಟ್ಟಿದಾಗಿನಿಂದ ಬದುಕುವುದು ಇಷ್ಟು ಸಣ್ಣ ಪಾಲಿನ ಮೇಲೆ. ಮೀನುಗಾರಿಕೆಗೆ ಯೋಗ್ಯವಾದ ನೀರು ಎನ್ನಿಸಿಕೊಳ್ಳಲು ಕನಿಷ್ಠ 4 ಮಿಲಿಗ್ರಾಂ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗೆರೆ ಎಳೆದಿದೆ. ‘ಡಿ’ ದರ್ಜೆಯ ನೀರು ಎಂದು ಅದಕ್ಕೆ ಹೆಸರು. ಎರಡಕ್ಕಿಂತ ಕೆಳಗೆ ಹೋಯಿತೆಂದರೆ ಹೆಚ್ಚಿನ ಮೀನುಗಳಿಗೆ ಉಳಿಗಾಲವಿಲ್ಲ.

ಇದರಲ್ಲಿ ಹಗಲು ರಾತ್ರಿಯ ಇನ್ನೊಂದು ಲೆಕ್ಕವೂ ಇದೆ. ನೀರಿನ ಪಾಚಿ ಬಿಸಿಲಿರುವಾಗ ಆಮ್ಲಜನಕವನ್ನು ಬಿಡುತ್ತದೆ, ಕತ್ತಲಾದ ಮೇಲೆ ಮೀನಿನ ಹಾಗೆಯೇ ತಾನೂ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಪಾಚಿ ದಟ್ಟವಾಗಿರುವ ಹಸಿರು ಕೆರೆಯಲ್ಲಿ ಮಧ್ಯಾಹ್ನ ಎರಡಕ್ಕೆ ಅಳೆದರೆ ಮಾಪಕ 12, 15 ತೋರಿಸಿ ನಮ್ಮನ್ನು ನಿಶ್ಚಿಂತರನ್ನಾಗಿ ಮಾಡುತ್ತದೆ. ಅದೇ ಕೆರೆಯಲ್ಲಿ ಬೆಳಗಿನ ಜಾವ ಐದಕ್ಕೆ ಅಳೆದರೆ ಒಂದೂ ಇರದಿರಬಹುದು. ಸೂರ್ಯ ಹುಟ್ಟುವ ಮುಂಚಿನ ಆ ಒಂದೆರಡು ಗಂಟೆಗಳೇ ಮೀನುಗಳ ಗಂಡಾಂತರದ ಹೊತ್ತು. ಕಚೇರಿಯ ವೇಳೆಯಲ್ಲಿ ಬಂದು ಬಾಟಲಿ ತುಂಬಿಸಿಕೊಂಡು ಹೋದವರ ವರದಿಯಲ್ಲಿ ಆ ಹೊತ್ತು ಇರುವುದೇ ಇಲ್ಲ. ನಮ್ಮಲ್ಲಿ ಎಷ್ಟೋ ಮೀನು ಸಾವುಗಳ ತನಿಖೆ ಕೆಡುವುದು ಇಲ್ಲಿಯೇ ಎಂದು ನನಗೆ ಅನ್ನಿಸಿದೆ.

ಈಗ ಕಡಲಿಗೆ ಬರೋಣ.

ಮುಂಗಾರು ಶುರುವಾದ ಮೇಲೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ನಡೆಯುವುದನ್ನು ಬಲ್ಲವರು ಬಲ್ಲರು. ಗಾಳಿ ಮತ್ತು ಕಡಲಿನ ಹರಿವು ಸೇರಿ ತೀರದ ಮೇಲ್ಪದರದ ನೀರನ್ನು ಆಚೆಗೆ ಸರಿಸುತ್ತವೆ. ತೆರವಾದ ಜಾಗಕ್ಕೆ ಕೆಳಗಿನ ತಣ್ಣನೆಯ ನೀರು ಏರಿ ಬರುತ್ತದೆ. ಆ ನೀರಿನಲ್ಲಿ ಸಾರಜನಕ, ರಂಜಕದಂಥ ಗೊಬ್ಬರದ ಅಂಶ ಹೇರಳವಾಗಿರುತ್ತದೆ. ಅದನ್ನುಂಡು ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆಯುತ್ತದೆ. ಆ ಪಾಚಿಯ ಮೇಲೆ ಬೂತಾಯಿ, ಬಂಗುಡೆ ಬೆಳೆಯುತ್ತವೆ. ಕುಂದಾಪುರದ ಕಡೆಯವರು ಬೈಗೆ ಎನ್ನುವ, ಕಾರವಾರದ ಕಡೆಯವರು ತಾರ್ಲೆ ಎನ್ನುವ ಆ ಬೂತಾಯಿಯ ಸಂಪತ್ತೆಲ್ಲ ಬಂದಿರುವುದು ಹೀಗೆ ಏರಿದ ನೀರಿನಿಂದ. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ನಾಡದೋಣಿಯವರು ತೂಫಾನ್ ಆಗಲಿ ಎಂದು ಕಾಯುತ್ತಾರಲ್ಲ, ಅದಕ್ಕೂ ಇದಕ್ಕೂ ನಂಟಿದೆ. ಕಡಲು ಬುಡಮೇಲಾಗಿ ಕದಡಿದರೆ ಮೀನು ಬರುತ್ತದೆ ಎಂಬ ಅವರ ಅನುಭವ ಸುಳ್ಳಲ್ಲ.

ಕೆಳಗಿನಿಂದ ಏರಿ ಬರುವ ಅದೇ ನೀರಿಗೆ ಇನ್ನೊಂದು ಗುಣವೂ ಇದೆ: ಅದರಲ್ಲಿ ಆಮ್ಲಜನಕ ತೀರ ಕಡಿಮೆ. ಅರಬ್ಬೀ ಸಮುದ್ರದ ನಡು ಆಳದಲ್ಲಿ ಆಮ್ಲಜನಕ ಬಹುತೇಕ ಇಲ್ಲವೇ ಇಲ್ಲ ಎನ್ನಬಹುದಾದ ದೊಡ್ಡ ಪದರವಿದೆ. ಜಗತ್ತಿನಲ್ಲಿ ಇಂಥವು ಕೆಲವೇ ಕಡೆ ಇವೆ. ಏರಿದ ನೀರಿನ ಮೇಲೆ ನೇತ್ರಾವತಿ, ಶರಾವತಿ, ಕಾಳಿಯಂಥ ನದಿಗಳು ತಂದು ಸುರಿಯುವ ಮಳೆನೀರು ತೆಳುವಾಗಿ ಹರಡಿಕೊಳ್ಳುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ, ಎರಡೂ ಬೆರೆಯುವುದಿಲ್ಲ. ಮೇಲಿನ ಗಾಳಿ ಕೆಳಕ್ಕೆ ಇಳಿಯುವುದಿಲ್ಲ. ಮೇಲೆ ಬೆಳೆದ ಪಾಚಿ ಸತ್ತು ತಳಕ್ಕೆ ಬಿದ್ದು ಕೊಳೆಯುತ್ತ ಅಲ್ಲಿ ಉಳಿದಿದ್ದ ಚೂರುಪಾರು ಆಮ್ಲಜನಕವನ್ನೂ ಮುಗಿಸುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ತೀರದ ತಳದ ನೀರು ಉಸಿರುಗಟ್ಟಿರುತ್ತದೆ. ಕೆಲವು ಕಡೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಹುಟ್ಟುತ್ತದೆ. ಈಜಬಲ್ಲ ಬಂಗುಡೆ, ಬೂತಾಯಿ ಜಾಗ ಬಿಟ್ಟು ಓಡುತ್ತವೆ. ತಳ ಹಿಡಿದು ಬದುಕುವ ನಂಗು ಮೀನು, ಸಿಗಡಿ, ಏಡಿ ಸಿಕ್ಕಿಬೀಳುತ್ತವೆ.

ಇದನ್ನೆಲ್ಲ ನಾವು ಬಲ್ಲೆವು ಎಂದರೆ ಅದಕ್ಕೆ ಕಾರಣ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರ ತಾಳ್ಮೆ. ಅವರು ಕ್ಯಾಂಡೋಲಿಮ್ ತೀರದಾಚೆ ಒಂದು ಜಾಗವನ್ನು ಗುರುತುಮಾಡಿಕೊಂಡು 1997ರಿಂದ ಮತ್ತೆ ಮತ್ತೆ ಅಲ್ಲಿಗೇ ಹೋಗಿ ನೀರನ್ನು ಅಳೆಯುತ್ತ ಬಂದರು. ಅದೇ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನ, ನಮ್ಮ ತೀರದ ಈ ಆಮ್ಲಜನಕದ ಬರ ತೀವ್ರವಾಗುತ್ತಿದೆ ಎಂಬುದನ್ನು ಜಗತ್ತಿನ ಮುಂದಿಟ್ಟಿತು. ಪ್ರಕೃತಿಯಲ್ಲಿ ಮೊದಲಿನಿಂದ ಇದ್ದದ್ದರ ಮೇಲೆ ಮನುಷ್ಯ ಹೊಲದ ಗೊಬ್ಬರವನ್ನೂ ಪಟ್ಟಣದ ಕೊಳಚೆಯನ್ನೂ ಸೇರಿಸುತ್ತಿದ್ದಾನೆ. ಎಷ್ಟು ಪಾಲು ಪ್ರಕೃತಿಯದು, ಎಷ್ಟು ಪಾಲು ನಮ್ಮದು ಎಂದು ಬಿಡಿಸಿ ಹೇಳಲು ಇಂಥ ವರ್ಷಾನುಗಟ್ಟಲೆಯ ಅಳತೆ ಬಿಟ್ಟರೆ ಬೇರೆ ದಾರಿಯಿಲ್ಲ.

ಕಡಲಿನ ಸಾಮೂಹಿಕ ಸಾವುಗಳ ಎರಡನೆಯ ದೊಡ್ಡ ಕಾರಣ ಸೂಕ್ಷ್ಮಜೀವಿಗಳ ಮಿತಿಮೀರಿದ ಬೆಳೆ. ನೀರು ಕೆಂಪಾಗುವುದು, ಹಸಿರಾಗುವುದು, ರಾತ್ರಿ ಹೊಳೆಯುವುದು ಎಲ್ಲ ಇದರಿಂದಲೇ. ಈ ಬಗ್ಗೆ ನಮ್ಮ ಕರಾವಳಿಯಲ್ಲಿ ಆದಷ್ಟು ಹಳೆಯ ಅಧ್ಯಯನ ದೇಶದ ಹೆಚ್ಚಿನ ಕಡೆ ಆಗಿಲ್ಲ. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, ಅಲ್ಲಿಯ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಮಲಬಾರ್ ಮತ್ತು ದಕ್ಷಿಣ ಕನ್ನಡ ತೀರದಲ್ಲಿ ಮೀನುಗಳು ವ್ಯಾಪಕವಾಗಿ ಸಾಯುವುದನ್ನು ಗಮನಿಸಿ, ಅದಕ್ಕೆ ಒಂದು ಏಕಕೋಶ ಜೀವಿ ಕಾರಣವೆಂದು 1917ರಲ್ಲಿ ಬರೆದರು. ನೂರು ವರ್ಷ ದಾಟಿತು. ಆಮೇಲೆ ಬಂದವರು ಬಿ.ಎಸ್. ಭೀಮಾಚಾರ್. ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದಾಗ ಕಡೂರು ಜಿಲ್ಲೆಯ ಮೀನುಗಳ ಬಗ್ಗೆ ಬರೆದಿದ್ದ ಅವರು, ಪಿ.ಸಿ. ಜಾರ್ಜ್ ಅವರ ಜೊತೆಗೂಡಿ ಮಲಬಾರ್ ಮತ್ತು ಕೆನರಾ ತೀರಗಳಲ್ಲಿ ಮೀನುಗಾರಿಕೆ ದಿಢೀರನೆ ಕುಸಿಯುವುದಕ್ಕೂ ‘ಕೆಂಪು ನೀರಿ’ಗೂ ಸಂಬಂಧವಿರಬಹುದೆಂದು 1950ರಲ್ಲಿ ಬರೆದರು. ಅದು ಅಚ್ಚಾದದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ. ಭೀಮಾಚಾರ್ ಅವರ ಹೆಸರು ಕನ್ನಡದ ಶಾಲಾಪುಸ್ತಕಗಳಲ್ಲಿ ಇರಬೇಕಾಗಿತ್ತು.

ಅವರು ನೋಡಿದ ಕೆಂಪು ನೀರಿಗೆ ಕಾರಣವಾದ ಜೀವಿ ನಾಕ್ಟಿಲೂಕಾ. 2020ರ ಕೊನೆಯಲ್ಲಿ ಉಡುಪಿಯ ಕಡೆಯ ಸಮುದ್ರತೀರಗಳಲ್ಲಿ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದು ಜನ ಮುಗಿಬಿದ್ದು ನೋಡಿದರಲ್ಲ, ಅದೂ ಈ ಜೀವಿಯದೇ ಕೆಲಸ. ನಾಕ್ಟಿಲೂಕಾ ಮನುಷ್ಯನನ್ನು ಕೊಲ್ಲುವಂಥ ವಿಷವನ್ನು ಮಾಡುವುದಿಲ್ಲ. ಆದರೆ ತನ್ನೊಳಗೆ ಅಮೋನಿಯ ತುಂಬಿಕೊಂಡಿರುತ್ತದೆ. ಕೋಟ್ಯಂತರ ಸಂಖ್ಯೆಯಲ್ಲಿ ಸತ್ತು ಕೊಳೆತಾಗ ಅಮೋನಿಯ ಹೊರಬಿದ್ದು ಆಮ್ಲಜನಕ ಮುಗಿದುಹೋಗುತ್ತದೆ. ಕಣ್ಣಿಗೆ ಚೆಂದ ಕಂಡದ್ದು ಮೀನಿಗೆ ಚೆಂದವಲ್ಲ.

ಮನುಷ್ಯನನ್ನೂ ಕೊಲ್ಲುವ ಜಾತಿಗಳಿವೆ. 1983ರ ಏಪ್ರಿಲ್‌ನಲ್ಲಿ, ಕಾಸರಗೋಡಿನ ನಮ್ಮ ಕನ್ನಡಿಗರ ಕುಂಬಳೆಯಲ್ಲಿ, ಅಳಿವೆಯಿಂದ ಹೆಕ್ಕಿದ ಮರುವಾಯಿ ತಿಂದ ಹಲವರು ಆಸ್ಪತ್ರೆ ಸೇರಿದರು. ಒಬ್ಬ ಹುಡುಗ ತೀರಿಕೊಂಡ. ಮರುವಾಯಿ ನೀರನ್ನು ಸೋಸಿ ತಿನ್ನುವ ಚಿಪ್ಪುಪ್ರಾಣಿ. ಸೂಕ್ಷ್ಮ ಪಾಚಿಯ ವಿಷ ಅದರ ಮೈಯಲ್ಲಿ ಕೂಡಿಕೊಂಡಿತ್ತು. ಬೇಯಿಸಿದರೆ ಹೋಗುವಂಥ ವಿಷವಲ್ಲ ಅದು, ನರಗಳನ್ನು ಹಿಡಿದು ಉಸಿರಾಟವನ್ನೇ ನಿಲ್ಲಿಸುತ್ತದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಇಡ್ಯ ಕರುಣಾಸಾಗರ, ಇಂದ್ರಾಣಿ ಕರುಣಾಸಾಗರ ಮತ್ತು ಸಂಗಡಿಗರು ಅದನ್ನು ಪತ್ತೆಹಚ್ಚಿ ಮರುವರ್ಷ ‘ಕರೆಂಟ್ ಸೈನ್ಸ್’ನಲ್ಲಿ ದಾಖಲಿಸಿದರು. ಉಳ್ಳಾಲದ ಬಳಿಯ ಸೋಮೇಶ್ವರದಲ್ಲಿ ಕೆಂಪು ನೀರು ಕಾಣಿಸಿ ಪಚ್ಚಿಲೆ ಎಂಬ ಚಿಪ್ಪುಪ್ರಾಣಿ ವಿಷವಾದದ್ದನ್ನೂ ಅವರೇ ಬರೆದಿಟ್ಟರು. 1969ರಲ್ಲಿ ಆರಂಭವಾದ ಆ ಕಾಲೇಜು ಇಡೀ ದೇಶದಲ್ಲಿ ಮೊದಲನೆಯದು. ಅದನ್ನು ಕಟ್ಟಿದ್ದು ಇಲ್ಲೇ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯ. ಹತ್ತಿರದಲ್ಲಿ ತಿಳಿದವರಿದ್ದರು, ಹತ್ತಿರದಲ್ಲಿ ಪ್ರಯೋಗಾಲಯವಿತ್ತು. ಕುಂಬಳೆಯ ಸಾವಿಗೆ ಕಾರಣ ಸಿಕ್ಕಿದ್ದು ಅದರಿಂದ.

ಮುಂದೆ 2004ರ ಸೆಪ್ಟೆಂಬರ್‌ನಲ್ಲಿ ಕೇರಳದ ದಕ್ಷಿಣ ತೀರದಲ್ಲಿ, ಕೊಲ್ಲಂನಿಂದ ವಿಳಿಂಜಂವರೆಗೆ ಮೀನು ಸತ್ತು ದಡಕ್ಕೆ ಬಿದ್ದವು. ಕಡಲಿನಿಂದ ಎದ್ದ ದುರ್ವಾಸನೆಗೆ ಮಕ್ಕಳು ವಾಂತಿ, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು. ಯಾವ ಜೀವಿ ಕಾರಣ ಎಂಬುದರಲ್ಲಿ ಅಧ್ಯಯನ ಮಾಡಿದವರೆಲ್ಲ ಒಂದೇ ಹೆಸರು ಹೇಳಲಿಲ್ಲ. ಆಗ್ನೇಯ ಏಷ್ಯಾದ ಸಿಂಗಪುರದಲ್ಲಿ 2014 ಮತ್ತು 2015ರಲ್ಲಿ ಜೋಹೋರ್ ಜಲಸಂಧಿಯ ಪಂಜರಗಳಲ್ಲಿ ಸಾಕಿದ್ದ ಮೀನುಗಳು ನೂರಾರು ಟನ್ ಸತ್ತವು. ಪಂಜರದ ಮೀನಿಗೆ ಓಡಿಹೋಗಲು ದಾರಿಯಿಲ್ಲ. ಬಯಲು ಕಡಲಲ್ಲಿ ಮೀನು ತಪ್ಪಿಸಿಕೊಳ್ಳಬಹುದಾದ ಪಾಚಿಯ ಬೆಳೆ ಪಂಜರದಲ್ಲಿ ಸರ್ವನಾಶ ಮಾಡುತ್ತದೆ. ಕುಂದಾಪುರ, ಕಾರವಾರದ ಕಡೆ ಪಂಜರ ಕೃಷಿಗೆ ಕೈಹಾಕಿರುವ ನಮ್ಮ ಯುವಕರು ಇದನ್ನು ಮೊದಲೇ ತಿಳಿದಿರಬೇಕು.

ಯಾರು ವಿಷ ಹಾಕಿದರು ಎಂಬ ಪ್ರಶ್ನೆಗೆ ಮರಳುತ್ತೇನೆ. 2022ರ ಬೇಸಿಗೆಯಲ್ಲಿ ಪೋಲೆಂಡ್ ಮತ್ತು ಜರ್ಮನಿಯ ನಡುವಿನ ಓಡರ್ ನದಿಯಲ್ಲಿ 300 ಟನ್‌ಗೂ ಹೆಚ್ಚು ಮೀನು ಸತ್ತವು. ಮೊದಲ ದಿನಗಳಲ್ಲಿ ಪಾದರಸದ ಮಾತು ಹಬ್ಬಿತು. ಯಾವುದೋ ಕಾರ್ಖಾನೆ ರಾತ್ರೋರಾತ್ರಿ ಏನನ್ನೋ ಸುರಿದಿದೆ ಎಂದು ಹುಡುಕಾಟ ನಡೆಯಿತು. ಕೊನೆಗೆ ಸಿಕ್ಕಿದ್ದು ಪ್ರಿಮ್ನೇಸಿಯಂ ಪಾರ್ವಂ ಎಂಬ ಚಿನ್ನದ ಬಣ್ಣದ ಪಾಚಿ. ಅದು ಉಪ್ಪುನೀರಿನ ಜೀವಿ. ಸಿಹಿನೀರಿನ ನದಿಯಲ್ಲಿ ಅದಕ್ಕೆ ಕೆಲಸವಿಲ್ಲ. ಗಣಿಗಳಿಂದ ಬರುತ್ತಿದ್ದ ಉಪ್ಪು ಸೇರಿದ ನೀರು, ಬಿಸಿಲು, ತಗ್ಗಿದ ಹರಿವು, ಮೊದಲೇ ತುಂಬಿದ್ದ ಗೊಬ್ಬರದಂಶ ಇವೆಲ್ಲ ಕೂಡಿ ನದಿಯನ್ನು ಅದಕ್ಕೆ ಹದಗೊಳಿಸಿದ್ದವು. ತಪ್ಪು ಮಾಡಿದವರು ಇದ್ದರು, ಆದರೆ ಅವರು ಒಂದು ರಾತ್ರಿಯ ಅಪರಾಧಿಗಳಾಗಿರಲಿಲ್ಲ. ಬಹಳ ಕಾಲದಿಂದ ಎಲ್ಲರ ಕಣ್ಣೆದುರೇ ಬಿಡುತ್ತಿದ್ದ ನೀರಿನಿಂದ ಆದದ್ದು ಅದು.

ನಮ್ಮ ಪಕ್ಕದ ಉದಾಹರಣೆಯೂ ಇದೆ. 2024ರ ಮೇ ತಿಂಗಳಲ್ಲಿ ಕೊಚ್ಚಿಯ ಹತ್ತಿರ, ಪೆರಿಯಾರ್ ನದಿಯ ಏಲೂರು, ವರಾಪುಳ ಭಾಗದಲ್ಲಿ ಒಂದೇ ರಾತ್ರಿಯಲ್ಲಿ ಮೀನುಗಳು ಸತ್ತು ತೇಲಿದವು. ಪಂಜರ ಕೃಷಿ ಮಾಡಿದ್ದವರ ಬದುಕೇ ಮುಳುಗಿತು. ಅಲ್ಲಿಯ ಮಾಲಿನ್ಯ ನಿಯಂತ್ರಣ ಮಂಡಳಿ ಅಣೆಯ ಬಾಗಿಲು ತೆರೆದಾಗ ಆಮ್ಲಜನಕವಿಲ್ಲದ ನೀರು ಕೆಳಕ್ಕೆ ನುಗ್ಗಿದ್ದೇ ಕಾರಣ ಎಂದಿತು. ಕೇರಳದ ಮೀನುಗಾರಿಕೆ ವಿಶ್ವವಿದ್ಯಾನಿಲಯದವರು ಅಮೋನಿಯ ಮತ್ತು ಸಲ್ಫೈಡ್ ಅಪಾಯದ ಮಟ್ಟದಲ್ಲಿದ್ದವು ಎಂದು ವರದಿ ಕೊಟ್ಟರು. ಎರಡೂ ಒಟ್ಟಿಗೆ ನಿಜವಾಗಿರಬಹುದು ಎಂಬುದು ನನ್ನ ಅಭಿಪ್ರಾಯ: ಆಮ್ಲಜನಕ ಮುಗಿದ ತಳದಲ್ಲೇ ಅಮೋನಿಯವೂ ಸಲ್ಫೈಡೂ ಕೂಡುವುದು. ಹಿಂದಿನ ವಾರದ, ಹಿಂದಿನ ತಿಂಗಳ ಗಂಟೆಗಂಟೆಯ ಅಳತೆ ಇದ್ದಿದ್ದರೆ ಎರಡು ಸಂಸ್ಥೆಗಳು ಎರಡು ಮಾತು ಹೇಳುವ ಪ್ರಸಂಗ ಬರುತ್ತಿರಲಿಲ್ಲ, ಮೀನುಗಾರನ ಪರಿಹಾರದ ಅರ್ಜಿ ಆ ಎರಡು ಮಾತುಗಳ ನಡುವೆ ಸಿಕ್ಕಿಕೊಳ್ಳುತ್ತಿರಲಿಲ್ಲ.

ಇನ್ನು ನಮ್ಮ ಮನೆಯಂಗಳದ ಮಾತು.

ಸರ್ ರಿಚರ್ಡ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ ಸ್ಯಾಂಕಿ ಕೆರೆ ಯಶವಂತಪುರಕ್ಕೂ ಮಲ್ಲೇಶ್ವರಕ್ಕೂ ಹತ್ತಿರದಲ್ಲಿದೆ. ಅಲ್ಲಿ 1995ರ ಜೂನ್‌ನಲ್ಲಿ ಮೀನುಗಳು ಭಾರಿ ಸಂಖ್ಯೆಯಲ್ಲಿ ಸತ್ತವು. ಟಿ.ವಿ. ರಾಮಚಂದ್ರ ಅವರೂ ಸೇರಿದ್ದ ಸಂಶೋಧಕರ ತಂಡವೊಂದು ನೀರನ್ನು ಪರೀಕ್ಷಿಸಿ ಮರುವರ್ಷ ಪ್ರಕಟಿಸಿತು. ಕೆರೆಗೆ ಬಿಟ್ಟ ಒಳಚರಂಡಿ ನೀರಿನಿಂದ ಕೆಲವು ಭಾಗಗಳಲ್ಲಿ ಆಮ್ಲಜನಕ ಒಮ್ಮೆಲೇ ಕುಸಿದು ಮೀನುಗಳು ಉಸಿರುಕಟ್ಟಿ ಸತ್ತಿರಬೇಕು ಎಂಬುದು ಅವರ ನಿರ್ಣಯ. ಇಪ್ಪತ್ತು ವರ್ಷ ಕಳೆದು, 2016ರ ಮಾರ್ಚ್ 7ರಂದು ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದವು. ಮತ್ತೆ ಕೊಳಚೆ, ಮತ್ತೆ ಬಿಸಿಲು, ಮತ್ತೆ ಆಮ್ಲಜನಕದ ಕೊರತೆ. ಆಮೇಲೂ ಬೇಸಿಗೆ ಬಂದರೆ ನಗರದ ಒಂದಲ್ಲ ಒಂದು ಕೆರೆಯಿಂದ ಇದೇ ಸುದ್ದಿ. ಕಡಲಿನ ಸಾವುಗಳಲ್ಲಿ ಪ್ರಕೃತಿಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ವಿಜ್ಞಾನಿಗಳು ವಾದಿಸಲು ಜಾಗವಿದೆ. ಬೆಂಗಳೂರಿನ ಕೆರೆಗಳ ವಿಷಯದಲ್ಲಿ ಆ ವಾದಕ್ಕೆ ಜಾಗ ಬಹಳ ಕಡಿಮೆ.

ಒಂದು ಲೆಕ್ಕ ಹಾಕಿ ನೋಡಿ. ಮನೆಗಳಿಂದ ಬರುವ, ಶುದ್ಧೀಕರಿಸದ ಒಂದು ಲೀಟರ್ ಚರಂಡಿ ನೀರು ಕೊಳೆಯುವಾಗ ಸುಮಾರು 200ರಿಂದ 300 ಮಿಲಿಗ್ರಾಂ ಆಮ್ಲಜನಕ ಬೇಡುತ್ತದೆ. ಕೆರೆಯ ಒಂದು ಲೀಟರ್ ನೀರು ತುಂಬು ಆರೋಗ್ಯದಲ್ಲಿದ್ದಾಗ ಇಟ್ಟುಕೊಂಡಿರುವುದು ಏಳು ಮಿಲಿಗ್ರಾಂ. ಅಂದರೆ ರಾಜಕಾಲುವೆಯಿಂದ ಬಂದ ಒಂದು ಬಿಂದಿಗೆ ಕೊಳಚೆ ಮೂವತ್ತು, ನಲವತ್ತು ಬಿಂದಿಗೆ ಕೆರೆ ನೀರಿನ ಉಸಿರನ್ನು ನುಂಗಬಲ್ಲದು. ಗಾಳಿಯಿಂದ, ಪಾಚಿಯಿಂದ ಹೊಸ ಆಮ್ಲಜನಕ ಸೇರುತ್ತಿರುವುದರಿಂದ ಕೆರೆ ದಿನ ದೂಡುತ್ತದೆ. ಅದು ಸಾಲದಲ್ಲಿ ನಡೆಯುವ ಸಂಸಾರ. ಎಲ್ಲಿಯವರೆಗೆ ಬಿಸಿಲಿದೆಯೋ ಅಲ್ಲಿಯವರೆಗೆ ಸಾಲ ಹೊರಗೆ ಕಾಣುವುದಿಲ್ಲ. ಏಪ್ರಿಲ್, ಮೇನಲ್ಲಿ ಎರಡು ದಿನ ಮೋಡ ಮುಚ್ಚಿದರೆ ಪಾಚಿ ಕೆಲಸ ನಿಲ್ಲಿಸುತ್ತದೆ. ಆಮೇಲೆ ಬರುವ ಮೊದಲ ಜೋರು ಮಳೆ ಬೇಸಿಗೆಯ ಉದ್ದಕ್ಕೂ ರಾಜಕಾಲುವೆಯಲ್ಲಿ ಕೂತಿದ್ದ ಹೂಳು, ಹೊಲಸನ್ನು ಒಮ್ಮೆಗೇ ಗುಡಿಸಿ ಕೆರೆಗೆ ತಳ್ಳುತ್ತದೆ. ತಣ್ಣನೆಯ ಮಳೆನೀರು, ಬಿರುಗಾಳಿ ಸೇರಿ ತಳದ ಕೊಳೆತ ನೀರನ್ನು ಮೇಲೆ ಮಾಡುತ್ತವೆ. ಮರುದಿನ ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ಜನ ಹೇಳುವುದು: ನಿನ್ನೆಯವರೆಗೆ ಚೆನ್ನಾಗಿತ್ತು, ರಾತ್ರಿ ಯಾರೋ ಏನೋ ಹಾಕಿದ್ದಾರೆ.

ಅಮೋನಿಯದ್ದು ಇನ್ನೊಂದು ಸಂಕಟ. ಕೊಳಚೆಯಲ್ಲಿ ಅಮೋನಿಯ ಯಾವಾಗಲೂ ಇರುತ್ತದೆ. ನೀರಿನ ಕ್ಷಾರತೆ ಕಡಿಮೆಯಿದ್ದಾಗ ಅದು ಅಷ್ಟು ಹಾನಿ ಮಾಡುವುದಿಲ್ಲ. ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಪಾಚಿ ಇಂಗಾಲಾಮ್ಲವನ್ನೆಲ್ಲ ಎಳೆದುಕೊಂಡು ಕ್ಷಾರತೆ ಏರಿದಾಗ ಅದೇ ಅಮೋನಿಯ ಮೀನಿನ ಕಿವಿರನ್ನು ಸುಡುವ ರೂಪಕ್ಕೆ ಬರುತ್ತದೆ. ಹಗಲು ಅಮೋನಿಯ, ರಾತ್ರಿ ಉಸಿರಿಲ್ಲ. ಇಂಥ ನೀರಿನಲ್ಲಿ ಕಾಟ್ಲಾ, ರೋಹು, ಗೆಂಡೆ ಹೆಚ್ಚು ದಿನ ತಡೆಯುವುದಿಲ್ಲ. ತಡೆದುಕೊಳ್ಳುವುದು ಜಿಲೇಬಿ ಮೀನು ಮತ್ತು ಮೇಲೆ ಬಂದು ಗಾಳಿಯನ್ನೇ ನುಂಗಬಲ್ಲ ಆಫ್ರಿಕನ್ ಕ್ಯಾಟ್‌ಫಿಶ್. ಪ್ರತಿಯೊಂದು ಸಾಮೂಹಿಕ ಸಾವಿನ ಬಳಿಕವೂ ಕೆರೆ ಇನ್ನಷ್ಟು ಇವುಗಳ ಕೈಸೇರುತ್ತದೆ. ನಮ್ಮ ಹಳೆಯ ನಾಡಮೀನುಗಳು ಮರಳಿ ಬರುವುದಿಲ್ಲ. ಮೀನು ಮರಿ ಬಿಟ್ಟು ಟೆಂಡರ್ ಹಣ ಕಟ್ಟಿದವನು ಸಾಲಗಾರನಾಗುತ್ತಾನೆ, ಕೊಳಚೆ ಬಿಟ್ಟವನಿಗೆ ಏನೂ ಆಗುವುದಿಲ್ಲ. ಇದು ಅನ್ಯಾಯ ಎಂದು ಈ ವೇದಿಕೆಯ ಮೇಲಿಂದ ಗಟ್ಟಿಯಾಗಿ ಹೇಳುತ್ತೇನೆ.

ನಿಜವಾಗಿ ವಿಷವೇ ಬಿದ್ದಿದ್ದರೆ ತಿಳಿಯುವುದು ಹೇಗೆ ಎಂದು ನೀವು ಕೇಳಬಹುದು. ಸತ್ತ ಮೀನೂ, ಸಾಯುತ್ತಿರುವ ಮೀನೂ ಬಹಳ ಹೇಳುತ್ತವೆ, ನೋಡುವ ಕಣ್ಣು ಬೇಕು ಅಷ್ಟೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದು, ದೊಡ್ಡ ಮೀನುಗಳು ಮೊದಲು ಸತ್ತಿದ್ದರೆ ಅದು ಆಮ್ಲಜನಕದ ಕೊರತೆಯ ಗುರುತು. ಹೊತ್ತಲ್ಲದ ಹೊತ್ತಿನಲ್ಲಿ ಮೀನು ಗಿರಗಿರನೆ ಸುತ್ತುತ್ತ, ನಡುಗುತ್ತ, ದಿಕ್ಕೆಟ್ಟು ಈಜುತ್ತ, ಮರಿಗಳೂ ಸಿಗಡಿಗಳೂ ನೀರ ಹುಳಗಳೂ ಒಟ್ಟಿಗೆ ಸತ್ತಿದ್ದರೆ ಕೀಟನಾಶಕದ ಸಂಶಯ ಬರಬೇಕು. ಒಂದೇ ಜಾತಿಯ ಮೀನು ದಿನದಿನವೂ ಸ್ವಲ್ಪ ಸ್ವಲ್ಪ ಸಾಯುತ್ತಿದ್ದು ಮೈಮೇಲೆ ಹುಣ್ಣಿದ್ದರೆ ಅದು ರೋಗ. 1988ರಿಂದ ನಮ್ಮ ದೇಶದಲ್ಲಿ ಕಾಣಿಸಿಕೊಂಡ ಹುಣ್ಣಿನ ರೋಗದ ಗುರುತೂ ಮೈಮೇಲಿನ ಹುಣ್ಣೇ. ಕಿವಿರು ಕಂದಿಹೋಗಿ ಕಂದು ಬಣ್ಣವಾಗಿದ್ದರೆ ನೈಟ್ರೈಟ್ ಇರಬಹುದು. ಇವು ಯಾವುವೂ ತೀರ್ಪಲ್ಲ, ದಾರಿ ತೋರಿಸುವ ಗುರುತುಗಳು. ಮೊದಲ ಒಂದು ಗಂಟೆಯಲ್ಲಿ ತೆಗೆದ ಫೋಟೋ, ಬರೆದಿಟ್ಟ ವೇಳೆ, ತುಂಬಿಸಿ ಮಂಜುಗಡ್ಡೆಯಲ್ಲಿಟ್ಟ ಒಂದು ಬಾಟಲಿ ನೀರು, ಆಗಷ್ಟೇ ಸತ್ತ ಎರಡು ಮೀನು, ಇಷ್ಟಿದ್ದರೆ ತನಿಖೆ ಮಾಡುವವರಿಗೆ ದೊಡ್ಡ ಉಪಕಾರ. ಮಧ್ಯಾಹ್ನದ ಹೊತ್ತಿಗೆ ಬಿಸಿಲಿನಿಂದ ಆಮ್ಲಜನಕ ಮೇಲೇರಿರುತ್ತದೆ, ಮೀನು ಕೊಳೆತಿರುತ್ತದೆ, ಸಾಕ್ಷಿ ಹೋಗಿರುತ್ತದೆ. ಮತ್ತೊಂದು ಮಾತು, ತೇಲಿದ ಮೀನನ್ನು ಯಾರೂ ಮನೆಗೆ ಒಯ್ಯಬೇಡಿ, ಮಾರಲೂ ಬಿಡಬೇಡಿ.

ಪರಿಹಾರ ಇಲ್ಲವೇ? ಇದೆ, ಅದೂ ಹತ್ತಿರದಲ್ಲೇ. ಜಕ್ಕೂರು ಕೆರೆಗೆ ಹೋಗಿ ನೋಡಿ. ಅಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಶುದ್ಧೀಕರಿಸುವಂತೆ ಮೊದಲು ಕಟ್ಟಿದ ಘಟಕದಿಂದ ಬಂದ ನೀರು ನೇರವಾಗಿ ಕೆರೆಗೆ ಇಳಿಯುವುದಿಲ್ಲ. ಜೊಂಡು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಹಾದು, ಉಳಿದ ಸಾರಜನಕ, ರಂಜಕಗಳಲ್ಲಿ ಒಂದು ಪಾಲನ್ನು ಅಲ್ಲಿ ಬಿಟ್ಟು ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರೂ ಇತರರೂ ಆ ಕೆರೆಯನ್ನು ಅಳೆದು ಅಧ್ಯಯನ ಮಾಡಿದ್ದಾರೆ. ಸುತ್ತಲಿನ ನಿವಾಸಿಗಳು ಕಾವಲು ಕಾಯುತ್ತಾರೆ, ಮೀನುಗಾರರು ಅಲ್ಲಿ ಈಗಲೂ ಬಲೆ ಹಾಕುತ್ತಾರೆ. ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಘಟಕ ಕೆಟ್ಟ ದಿನ, ಮೇಲಿನಿಂದ ಕಚ್ಚಾ ಕೊಳಚೆ ನುಗ್ಗಿದ ದಿನ ಅಲ್ಲಿಯೂ ಅಪಾಯವೇ. ಆದರೆ ಕೊಳಚೆ ಕೆರೆಗೆ ಬರುವ ಮುನ್ನ ಅದನ್ನು ತಡೆಯುವ ಕ್ರಮ ಒಂದು ಅಲ್ಲಿದೆ. ಈ ಭಾಗದ ದೊಡ್ಡಬೊಮ್ಮಸಂದ್ರದ ಕೆರೆಗೂ ಬಿಇಎಲ್ ಸಂಸ್ಥೆ ಶುದ್ಧೀಕರಣ ಘಟಕ ಕಟ್ಟಿಸಿಕೊಟ್ಟಿದೆ. ಕಟ್ಟುವುದು ಒಂದು ಸಲದ ಖರ್ಚು, ಪ್ರತಿದಿನ ನಡೆಸುವುದು ಮತ್ತು ಹೊರಬಂದ ನೀರನ್ನು ಅಳೆಯುವುದು ಇರುವಷ್ಟು ದಿನವೂ ಮಾಡಬೇಕಾದ ಕೆಲಸ.

ಬರಿಯ ಯಂತ್ರದಿಂದ ನೀರು ಚಿಲುಮೆಯಂತೆ ಹಾರಿಸಿದರೆ ಕೆರೆ ಬದುಕುತ್ತದೆ ಎಂದು ನಂಬಿದವರೂ ಇದ್ದಾರೆ. ಸಣ್ಣ ಹೊಂಡಕ್ಕೆ, ತುರ್ತು ರಾತ್ರಿಗೆ ಅದು ಉಪಯೋಗಕ್ಕೆ ಬರುತ್ತದೆ. ಹತ್ತಾರು ಎಕರೆ ಕೆರೆಗೆ ಕೊಳಚೆ ಬೀಳುತ್ತಲೇ ಇರುವಾಗ ಅದರಿಂದ ಆಗುವುದು ಅಲ್ಪ.

ಉತ್ತರ ಬೆಂಗಳೂರಿನ ಸಿಂಗಾಪುರದಿಂದ ಬಂದಿರುವ ಬಂಧುಗಳಿಗೆ ಕೊನೆಯದಾಗಿ ನನ್ನ ಕೋರಿಕೆ ಹೇಳಿಬಿಡುತ್ತೇನೆ. ನೀರಿನ ಆಮ್ಲಜನಕ, ಉಷ್ಣತೆ, ಕ್ಷಾರತೆ ಓದುವ ಕೈಮಾಪಕ ಇವತ್ತು ಒಂದು ಬಡಾವಣೆಯ ಸಂಘ ಕೊಳ್ಳಲಾಗದ ವಸ್ತುವಲ್ಲ. ಸಿಂಗಾಪುರ ಕೆರೆಗೆ ಒಂದು, ನರಸೀಪುರ ಕೆರೆಗೆ ಒಂದು ತನ್ನಿ. ಹೆಬ್ಬಾಳದಲ್ಲಿ ಮೀನುಗಾರಿಕೆಯ ಸಂಶೋಧನೆ ಮಾಡುವವರಿದ್ದಾರೆ. ಮಾಪಕವನ್ನು ಸರಿಹೊಂದಿಸಿಕೊಡಲು, ಓದುವುದನ್ನು ಕಲಿಸಲು ಅವರನ್ನು ಕೇಳಿ. ಫೆಬ್ರುವರಿಯಿಂದ ಜೂನ್‌ವರೆಗೆ ಪ್ರತಿದಿನ ಬೆಳಗಿನ ಐದೂವರೆಗೆ, ವಾಕಿಂಗ್‌ಗೆ ಬರುವವರಲ್ಲೇ ಸರದಿಯ ಮೇಲೆ ಒಬ್ಬರು, ಕೊಳಚೆ ಸೇರುವ ಬಾಯಿಯ ಹತ್ತಿರ ಒಂದು ಓದು, ಕೋಡಿಯ ಹತ್ತಿರ ಒಂದು ಓದು ತೆಗೆದು ನೋಟುಪುಸ್ತಕದಲ್ಲಿ ಬರೆಯಿರಿ. ಅದನ್ನೇ ಕೆರೆಯ ಗೇಟಿನ ಹಲಗೆಯ ಮೇಲೂ ಬರೆಯಿರಿ. ಆಮ್ಲಜನಕ ನಾಲ್ಕಕ್ಕಿಂತ ಇಳಿದ ದಿನ ಅದರ ಫೋಟೋ ತೆಗೆದು ಪಾಲಿಕೆ, ಜಲಮಂಡಳಿ, ಮಾಲಿನ್ಯ ನಿಯಂತ್ರಣ ಮಂಡಳಿ ಮೂರಕ್ಕೂ ಬರಹದಲ್ಲಿ ದೂರು ಕೊಡಿ. ಮೀನು ಸಾಯುವವರೆಗೆ ಕಾಯಬೇಡಿ. ಶಾಲೆಯ ಮೇಷ್ಟರು, ಮೇಡಂ ಇಲ್ಲಿ ಯಾರಾದರೂ ಇದ್ದರೆ ನಿಮ್ಮ ಎಂಟು, ಒಂಬತ್ತನೆಯ ತರಗತಿಯ ಮಕ್ಕಳನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳಿ.

ಈ ದತ್ತಿಯ ಮುಂದಿನ ವರ್ಷದ ಉಪನ್ಯಾಸಕರು ಯಾರೇ ಆಗಲಿ, ಅವರ ಕೈಗೆ ಆ ನೋಟುಪುಸ್ತಕವನ್ನು ಕೊಡಿ.